ಟೆಂಟಿನಲ್ಲಿ ಕಲಿತ ವಿದ್ಯೆ

ಹೋದ ವರ್ಷ ಪರೀಕ್ಷೆಗಳೆಲ್ಲ ಮುಗಿದು, ಕಾಲೇಜಿನ ಅಂಗಳದಲ್ಲಿ ಕಾಗೆಗಳಲ್ಲದೆ ಮತ್ತಾರೂ ಇಲ್ಲದ ಒಂದು ಮಧ್ಯಾಹ್ನ, ನನ್ನ ವಿದ್ಯಾರ್ಥಿಯೊಬ್ಬನು ತನ್ನ ತಂದೆಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದನು. ನಾನು ಕನ್ನಡ ಪಾಠ ಹೇಳಿಕೊಂಡಿರುವುದು ಕಡೂರಿನಲ್ಲಿ. ಅವರದು ತರೀಕೆರೆಯ ಸಮೀಪದ ಒಂದು ಹಳ್ಳಿ. ಹುಡುಗ ಬಿ.ಎ. ಮುಗಿಸಿದ್ದ. ಹಳಗನ್ನಡದ ತರಗತಿಯಲ್ಲಿ ನೋಟ್ ಪುಸ್ತಕದ ಅಂಚಿನಲ್ಲೆಲ್ಲ ಭೀಮ ದುರ್ಯೋಧನರನ್ನು ಬರೆದು, ಹಾಳೆಗಳನ್ನು ಸರಸರನೆ ತಿರುವಿ, ಅವರಿಬ್ಬರೂ ಗದೆ ಬೀಸುವಂತೆ ಮಾಡುತ್ತಿದ್ದ ಆಸಾಮಿ. ರನ್ನನ ಪದ್ಯಕ್ಕಿಂತ ಆ ಹಾಳೆಗಳ ಕಡೆಗೇ ಅಕ್ಕಪಕ್ಕದವರ ಲಕ್ಷ್ಯವಿರುತ್ತಿತ್ತು ಎಂಬುದನ್ನು ನಾನು ಕಂಡೂ ಕಾಣದಂತಿದ್ದೆ.

ಈಗ ಅವನಿಗೆ ಬೆಂಗಳೂರಿಗೆ ಹೋಗಿ ಅನಿಮೇಷನ್ ಕಲಿಯಬೇಕೆಂಬ ಆಸೆ. ತಂದೆಗೆ ಒಪ್ಪಿಗೆಯಿಲ್ಲ. ಅವರು ಅಡಿಕೆ ತೋಟದ ರೈತರು. ಮಾತು ಕಡಿಮೆ, ಆಡಿದರೆ ತೂಕದ ಮಾತು. ಕಾಫಿ ಮುಗಿಸಿ ಲೋಟವನ್ನು ಕೆಳಗಿಟ್ಟು, “ಗೊಂಬೆ ಬರಿಯೋದೂ ಒಂದು ಕಸುಬಾ ಮೇಷ್ಟ್ರೇ? ನಮ್ಮ ಕಡೆಯೋರು ಯಾರಾದರೂ ಇದರಲ್ಲಿ ಅನ್ನ ತಿಂದವರು ಅವರಾ? ಇವನು ಬರೀತಾನೆ ಅಂತಲೇ ಇಟ್ಕೊಳ್ಳಿ, ಇವನಿಗೆ ದುಡ್ಡು ಕೊಡೋನು ಯಾರು? ಆ ದುಡ್ಡು ಅವನಿಗೆ ಎಲ್ಲಿಂದ ಬರುತ್ತೆ?” ಎಂದು ಕೇಳಿದರು.

ಹುಡುಗ ನನ್ನ ಮುಖ ನೋಡಿದ. ಕಾವ್ಯಮೀಮಾಂಸೆಯನ್ನು ಇಪ್ಪತ್ತು ವರ್ಷ ಪಾಠ ಹೇಳಿದ ನನಗೆ ಆ ಮೂರು ಪ್ರಶ್ನೆಗಳಲ್ಲಿ ಒಂದಕ್ಕೂ ಥಟ್ಟನೆ ಉತ್ತರ ಹೊಳೆಯಲಿಲ್ಲ. ಒಂದು ವಾರ ಅವಕಾಶ ಕೊಡಿ, ನಾನೇ ನಿಮ್ಮೂರಿಗೆ ಬಂದು ಮಾತಾಡುತ್ತೇನೆ ಎಂದು ಹೇಳಿ ಕಳುಹಿಸಿದೆ. ಆ ವಾರದಲ್ಲಿ ನಾನು ಕಲೆಹಾಕಿದ ಸಂಗತಿಗಳನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ. ಅದರ ಜೊತೆಗೆ ನನ್ನದೊಂದು ಹಳೆಯ ಸಾಲವೂ ಸೇರಿಕೊಂಡಿದೆ; ಅದನ್ನು ಮುಂದೆ ಹೇಳುತ್ತೇನೆ.

ರೈತರ ಪ್ರಶ್ನೆ ನಿಜವಾಗಿ ಚಿತ್ರಕಾರನನ್ನು ಕುರಿತದ್ದಲ್ಲ, ನಿರ್ಮಾಪಕನನ್ನು ಕುರಿತದ್ದು. ಚಲನಚಿತ್ರದಲ್ಲಿ ಒಂದು ಸೆಕೆಂಡಿಗೆ 24 ಚಿತ್ರಗಳು ಕಣ್ಣ ಮುಂದೆ ಹಾಯುತ್ತವೆ. ಎರಡೂವರೆ ಗಂಟೆಯ ಚಿತ್ರವೆಂದರೆ 2,16,000 ಚಿತ್ರಗಳು. ಕ್ಯಾಮರಾ ಇದನ್ನು ತಾನೇ ಹಿಡಿದುಕೊಳ್ಳುತ್ತದೆ. ಆದರೆ ಗೊಂಬೆಯ ಚಿತ್ರದಲ್ಲಿ ಪ್ರತಿಯೊಂದನ್ನೂ ಯಾರಾದರೂ ಬರೆಯಬೇಕು, ಇಲ್ಲವೇ ಯಂತ್ರದಿಂದ ಬರೆಸಬೇಕು. ಒಂದೇ ಚಿತ್ರವನ್ನು ಎರಡೆರಡು ಸಲ ತೋರಿಸಿ ಕೆಲಸವನ್ನು ಅರ್ಧಕ್ಕಿಳಿಸಿದರೂ ಲಕ್ಷಕ್ಕೆ ಮೇಲಾಯಿತು. ಇಷ್ಟು ಕೈಗಳನ್ನು ಕೂಡಿಸಿ, ಇಷ್ಟು ತಿಂಗಳು ಸಂಬಳ ಕೊಟ್ಟು, ಕೊನೆಗೆ ಅದನ್ನು ನೋಡುವ ಜನರನ್ನೂ ಹುಡುಕಬೇಕಾದವನು ನಿರ್ಮಾಪಕ. ವಾಲ್ಟ್ ಡಿಸ್ನಿಯ ಹೆಸರನ್ನು ಕೇಳದವರಿಲ್ಲ. ಆತ ತನ್ನ ಕೈಯಿಂದ ಚಿತ್ರ ಬರೆಯುವುದನ್ನು 1920ರ ದಶಕದಲ್ಲಿಯೇ ನಿಲ್ಲಿಸಿಬಿಟ್ಟಿದ್ದ ಎಂಬುದು ಅನೇಕರಿಗೆ ತಿಳಿದಿರಲಾರದು. ಆಮೇಲೆ ಆತ ಮಾಡಿದ್ದು ಕಥೆ ಆರಿಸುವುದು, ಬರೆಯುವವರನ್ನು ಆರಿಸುವುದು, ಹಣ ತರುವುದು. 1937ರಲ್ಲಿ ತೆರೆಕಂಡ ‘ಸ್ನೋ ವೈಟ್’ ಚಿತ್ರಕ್ಕಾಗಿ ಆತ ತನ್ನ ಮನೆಯನ್ನೇ ಅಡವಿಟ್ಟ. ಹಣಕಾಸಿನ ಭಾರವನ್ನು ಅಣ್ಣ ರಾಯ್ ಹೊತ್ತುಕೊಂಡಿದ್ದ.

ನಮ್ಮ ದೇಶದಲ್ಲಿಯೂ ಈ ವಿದ್ಯೆ ಹೊಸದೇನಲ್ಲ. ದಾದಾಸಾಹೇಬ ಫಾಲ್ಕೆಯವರು 1913ರ ‘ರಾಜಾ ಹರಿಶ್ಚಂದ್ರ’ಕ್ಕೆ ಮೊದಲೇ, ಕುಂಡದಲ್ಲಿ ಬಟಾಣಿಯ ಕಾಳು ಮೊಳೆತು ಗಿಡವಾಗುವುದನ್ನು ಒಂದೊಂದೇ ಚಿತ್ರವಾಗಿ ಹಿಡಿದು, ದಿನಗಟ್ಟಲೆಯ ಬೆಳವಣಿಗೆಯನ್ನು ನಿಮಿಷದಲ್ಲಿ ತೋರಿಸಿದ್ದರು. ಮುಂಬಯಿಯ ಫಿಲ್ಮ್ಸ್ ಡಿವಿಷನ್ನಿನಲ್ಲಿ 1956ರಲ್ಲಿ ವ್ಯಂಗ್ಯಚಿತ್ರಗಳ ಪ್ರತ್ಯೇಕ ವಿಭಾಗವೇ ಆರಂಭವಾಯಿತು. ಡಿಸ್ನಿಯ ಸ್ಟುಡಿಯೋದಲ್ಲಿ ಕೆಲಸ ಮಾಡಿದ್ದ ಕ್ಲೇರ್ ವೀಕ್ಸ್ ಎಂಬಾತ ಬಂದು ಅಲ್ಲಿನ ಹುಡುಗರಿಗೆ ಕಲಿಸಿದ. ಅವರು ಕಲಿತು ತಯಾರಿಸಿದ್ದು 1957ರಲ್ಲಿ, ಒಂದು ಜಾತಕಕಥೆಯನ್ನು. ಆ ಗುಂಪಿನಲ್ಲಿದ್ದ ರಾಮಮೋಹನರು ಮುಂದೆ ಭಾರತದ ಈ ಕಲೆಗೆ ಹಿರಿಯರೆನಿಸಿದರು. ನಮ್ಮ ಬೆಂಗಳೂರಿನಲ್ಲಿ ರವಿಶಂಕರ್ ಎಂಬವರು ಕನ್ನಡದ ಗೋವಿನ ಹಾಡಿನ ಕಥೆಯನ್ನೇ ತೆಗೆದುಕೊಂಡು ‘ಪುಣ್ಯಕೋಟಿ’ಯೆಂಬ ಚಿತ್ರವನ್ನು ಸಂಸ್ಕೃತದಲ್ಲಿ ಮಾಡಿ 2020ರಲ್ಲಿ ಹೊರತಂದರು. ಕರ್ನಾಟಕ ಸರ್ಕಾರ 2012ರಲ್ಲಿಯೇ ಈ ಉದ್ಯಮಕ್ಕೆಂದು ಒಂದು ನೀತಿಯನ್ನೂ ಪ್ರಕಟಿಸಿತು.

ಇಷ್ಟನ್ನು ಬರೆದಿಟ್ಟುಕೊಂಡೆ. ಆದರೆ ತರೀಕೆರೆಯ ರೈತರು ಕೇಳಿದ್ದು ಮುಂಬಯಿಯವರನ್ನಲ್ಲ, ಬೆಂಗಳೂರಿನವರನ್ನೂ ಅಲ್ಲ. “ನಮ್ಮ ಕಡೆಯೋರು” ಎಂದಿದ್ದರು. ಆ ಮಾತು ಮನಸ್ಸಿನಲ್ಲಿ ಕೊರೆಯುತ್ತಿರುವಾಗ ನನಗೆ ಇದ್ದಕ್ಕಿದ್ದಂತೆ ಅಜ್ಜಂಪುರದ ನನ್ನ ಸೋದರಮಾವನ ನೆನಪು ಬಂದಿತು. ಮಾವನ ಹಿಂದೆಯೇ, ಅವರು ದೇವರ ಹೆಸರಿನಂತೆ ಹೇಳುತ್ತಿದ್ದ ‘ಆಚಾರ್ರ’ ನೆನಪೂ ಬಂದಿತು.

ಅಜ್ಜಂಪುರವೆಂದರೆ ಸಾಹಿತ್ಯಪ್ರಿಯರಿಗೆ ಕಥೆಗಾರ ‘ಆನಂದ’ರ ಊರು, ರೈತರಿಗೆ ಅಮೃತಮಹಲ್ ದನಗಳ ಊರು. ನನಗೆ ಅದು ಟೆಂಟಿನ ಊರು. ನಾನು ಹುಡುಗನಾಗಿದ್ದ 1980ರ ದಶಕದಲ್ಲಿ, ಸುಗ್ಗಿ ಮುಗಿದ ಬಯಲಿನಲ್ಲಿ ಗಳುಗಳನ್ನು ನಿಲ್ಲಿಸಿ ಗುಡಾರದ ಬಟ್ಟೆ ಹೊದಿಸಿದ ಸಿನಿಮಾ ಡೇರೆ ಬರುತ್ತಿತ್ತು. ಮುಂದೆ ನೆಲ, ಹಿಂದೆ ಬೆಂಚು, ಅದರ ಹಿಂದೆ ನಾಲ್ಕಾರು ಕುರ್ಚಿ. ಹೆಂಗಸರಿಗೆ ಬೇರೆ ಭಾಗ. ನೆಲದವರು ಮರಳನ್ನು ಗುಡ್ಡೆ ಮಾಡಿಕೊಂಡು ಎತ್ತರವಾಗಿ ಕೂರುವುದು, ಹಿಂದಿನವರು ಬೈಯುವುದು, ಮುಂದಿನವರು ಕೇಳದಂತಿರುವುದು, ಇವು ಪ್ರತಿದಿನದ ಪೂರ್ವರಂಗ. ಕತ್ತಲಾಗುವ ಹೊತ್ತಿಗೆ ಘಂಟಸಾಲರ ಕಂಠದ ವೆಂಕಟೇಶಸ್ತುತಿ ಧ್ವನಿವರ್ಧಕದಲ್ಲಿ ಕೇಳಿಬಂದಿತೆಂದರೆ, ಊರಾಚೆಯ ಹಳ್ಳಿಗಳಿಂದ ಗಾಡಿಗಳು ಹೊರಡುತ್ತಿದ್ದವು. ಮಾವ ಆ ಟೆಂಟಿನಲ್ಲಿ ಆಪರೇಟರು. ಒಂದೇ ಯಂತ್ರ, ರೀಲು ಮುಗಿದಾಗಲೆಲ್ಲ ಮತ್ತೊಂದನ್ನು ಏರಿಸುವವರೆಗೆ ಕತ್ತಲು ಮತ್ತು ಶಿಳ್ಳೆ. ಸಾವಿರ ಅಡಿಯ ರೀಲು ಹನ್ನೊಂದು ನಿಮಿಷಕ್ಕೆ ಮುಗಿಯುತ್ತದೆ ಎಂಬ ಲೆಕ್ಕವನ್ನು ನಾನು ಮಗ್ಗಿಗಿಂತ ಮೊದಲು ಕಲಿತೆ.

ಚಿತ್ರದ ಪೆಟ್ಟಿಗೆಗಳು ಬರುತ್ತಿದ್ದುದು ರೈಲಿನಲ್ಲಿ. ನಮ್ಮ ಭಾಗದ ಭೂಗೋಳವನ್ನು ನಿರ್ಧರಿಸಿದ್ದೇ ಈ ರೈಲು. ಅರಸೀಕೆರೆಯಿಂದ ಬಾಣಾವರ, ಕಡೂರು, ಬೀರೂರು. ಬೀರೂರಿನಲ್ಲಿ ಹಳಿ ಎರಡಾಗಿ ಒಂದು ತರೀಕೆರೆ, ಶಿವಮೊಗ್ಗದ ಕಡೆಗೆ, ಇನ್ನೊಂದು ಅಜ್ಜಂಪುರ, ಚಿಕ್ಕಜಾಜೂರಿನ ಮೂಲಕ ದಾವಣಗೆರೆ, ಹುಬ್ಬಳ್ಳಿಯ ಕಡೆಗೆ. ಮಾವ ಪೆಟ್ಟಿಗೆಗೆ ಕಾದು ನಿಂತಾಗ ದಕ್ಷಿಣದ ಕಡೆಗೆ ಕೈ ತೋರಿಸಿ, “ನಮ್ಮ ಆಚಾರ್ರು ಶುರು ಮಾಡಿದ್ದೂ ಈ ಹಳಿ ಮೇಲೇ ಕಣೋ, ಅರಸೀಕೆರೇಲಿ. ಅವರದೂ ಟೆಂಟೇ” ಎನ್ನುತ್ತಿದ್ದರು.

ಈ ಆಚಾರ್ಯರು ಯಾರೆಂದು ತಮ್ಮಲ್ಲಿ ಹಿರಿಯರಿಗೆ ಹೊಳೆದಿರಬೇಕು. ಬಿ. ವಿಠಲಾಚಾರ್ಯರು. ತೆಲುಗರು ‘ಜಾನಪದ ಬ್ರಹ್ಮ’ ಎಂದು ಕರೆದ ನಿರ್ಮಾಪಕ, ನಿರ್ದೇಶಕ. ಅವರು ಗೊಂಬೆಯ ಚಿತ್ರಗಳನ್ನು ಬರೆಯಿಸಿದವರಲ್ಲ, ನಿಜ. ಆದರೆ ಜೀವವಿಲ್ಲದ್ದಕ್ಕೆ ಜೀವ ಬರಿಸುವುದೇ ಅನಿಮೇಷನ್ ಎಂಬ ಮಾತಿನ ಮೂಲಾರ್ಥವಾದರೆ, ತಲೆಬುರುಡೆಗಳನ್ನು ಕುಣಿಸಿ, ಮನುಷ್ಯರನ್ನು ಗಿಳಿಯಾಗಿಸಿದ ಆಚಾರ್ಯರಿಗಿಂತ ಹತ್ತಿರದ ಪೂರ್ವಿಕರು ನಮ್ಮ ಸೀಮೆಯಲ್ಲಿ ಸಿಗಲಾರರು. ಅದಕ್ಕಿಂತ ಮುಖ್ಯವಾಗಿ, ಹಣ ಎಲ್ಲಿಂದ ಬರುತ್ತದೆಂಬ ರೈತರ ಪ್ರಶ್ನೆಗೆ ಅವರ ಬಾಳೇ ಉತ್ತರವಾಗಿದೆ.

ವಿಠಲಾಚಾರ್ಯರು ಹುಟ್ಟಿದ್ದು 1920ರಲ್ಲಿ, ಉಡುಪಿಯ ಬಳಿಯ ಉದ್ಯಾವರದಲ್ಲಿ. ತಂದೆ ಆಯುರ್ವೇದದ ವೈದ್ಯರು. ಹುಡುಗ ಓದಿದ್ದು ಮೂರನೆಯ ತರಗತಿಯವರೆಗೆ. ಅವನಿಗೆ ಹುಚ್ಚು ಹಿಡಿಸಿದ್ದು ಬಯಲಾಟ. ರಾತ್ರಿಯ ಎರಡನೆಯ ಜಾವದಲ್ಲಿ ಬಣ್ಣದ ವೇಷ ಬರುವಾಗ ದೊಂದಿಗೆ ರಾಳದ ಪುಡಿ ಎರಚಿ ಬೆಂಕಿ ಭಗ್ಗೆನ್ನಿಸುವುದನ್ನೂ, ತೆರೆಯ ಮರೆಯಿಂದ ರಾಕ್ಷಸ ತುಸುತುಸುವೇ ಕಾಣಿಸಿಕೊಳ್ಳುವುದನ್ನೂ ಆ ಸೀಮೆಯಲ್ಲಿ ನಿದ್ದೆಗಣ್ಣಿನಿಂದ ನೋಡದ ಮಕ್ಕಳಿಲ್ಲ. ಒಂಬತ್ತನೆಯ ವಯಸ್ಸಿಗೆ ಮನೆ ಬಿಟ್ಟು, ಘಟ್ಟ ಹತ್ತಿ, ಅರಸೀಕೆರೆಗೆ ಬಂದ. ಕೈಗೆ ಸಿಕ್ಕ ಕೆಲಸ ಮಾಡಿದ. ಬೆಳೆದ ಮೇಲೆ ಬಂಧುವೊಬ್ಬರ ಹೋಟೆಲನ್ನು ತಾನೇ ಕೊಂಡು ನಡೆಸಿದ. ಅರಸೀಕೆರೆ ಜಂಕ್ಷನ್, ಹಗಲೂ ರಾತ್ರಿಯೂ ರೈಲಿಳಿದವರು ಬರುವ ಊರು. ಅಲ್ಲಿ ಹೋಟೆಲು ನಡೆಸಿದವನಿಗೆ, ಬಂದವನ ಮುಖ ನೋಡಿಯೇ ಅವನ ಜೇಬೂ ಹಸಿವೂ ತಿಳಿಯುತ್ತಿದ್ದಿರಬೇಕು.

1942ರ ‘ಚಲೇಜಾವ್’ ಚಳವಳಿ ಬಂದಾಗ ಹೋಟೆಲನ್ನು ತಮ್ಮನಿಗೆ ವಹಿಸಿ ತಾವು ಅದರಲ್ಲಿ ಧುಮುಕಿದರು. ಹಾಸನದ ಸೆರೆಮನೆಯನ್ನು ಕಂಡರು. ಬಿಡುಗಡೆಯಾದ ಮೇಲೆ ಡಿ. ಶಂಕರಸಿಂಗ್ ಮೊದಲಾದ ಗೆಳೆಯರೊಡನೆ ಸೇರಿ ಹಾಸನ ಜಿಲ್ಲೆಯಲ್ಲಿ ಒಂದು ಟೂರಿಂಗ್ ಟಾಕೀಸನ್ನು ಹಾಕಿದರು. ಒಂದು ನಾಲ್ಕಾಯಿತು. ತಮ್ಮ ಟೆಂಟಿಗೆ ಬಂದ ಚಿತ್ರಗಳನ್ನೆಲ್ಲ ಅವರು ಬಿಡದೆ ನೋಡುತ್ತಿದ್ದರೆಂದು ಹೇಳುತ್ತಾರೆ. ಈ ನೋಟ ನಮ್ಮ ನಿಮ್ಮ ನೋಟವಲ್ಲ. ಟೆಂಟಿನ ಒಡೆಯನ ಒಂದು ಕಣ್ಣು ತೆರೆಯ ಮೇಲೆ, ಇನ್ನೊಂದು ಕಣ್ಣು ನೆಲದವರ ಮೇಲೆ. ಯಾವ ಘಟ್ಟದಲ್ಲಿ ಜನ ಬೀಡಿ ಹಚ್ಚಲು ಏಳುತ್ತಾರೆ, ಎಲ್ಲಿ ಮಗುವಿನ ಬಾಯಿ ಮುಚ್ಚಿ ತೆರೆಯನ್ನೇ ನೋಡುತ್ತಾರೆ, ಯಾವ ಚಿತ್ರಕ್ಕೆ ಎರಡನೆಯ ದಿನ ಗಾಡಿಗಳು ಹೆಚ್ಚುತ್ತವೆ ಎಂಬುದೇ ಅವನ ಪಠ್ಯ. ಇದಕ್ಕೆ ಮೂರನೆಯ ತರಗತಿಯ ವಿದ್ಯೆ ಸಾಕಾಗಿದ್ದಿತು. ಇದನ್ನು ಕಲಿಸುವ ನಾಲ್ಕನೆಯ ತರಗತಿ ಎಲ್ಲಿಯೂ ಇರಲಿಲ್ಲ.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಬಂದದ್ದು 1934ರಲ್ಲಿ. ಅದನ್ನು ತೆಗೆದದ್ದು ಕೊಲ್ಹಾಪುರದಲ್ಲಿ. ಹತ್ತು ವರ್ಷ ಕಳೆದರೂ ವರ್ಷಕ್ಕೆ ತಯಾರಾಗುವ ಕನ್ನಡ ಚಿತ್ರಗಳು ಬೆರಳೆಣಿಕೆಯಷ್ಟೇ ಇದ್ದವು. ಟೆಂಟಿನವರು ತೋರಿಸಬೇಕಾದದ್ದು ಬಹುಪಾಲು ಪರಭಾಷೆಯ ಚಿತ್ರಗಳನ್ನು. ಹೀಗಿರುವಾಗ ಈ ಗೆಳೆಯರು ಮೈಸೂರಿಗೆ ಹೋಗಿ ತಾವೇ ಚಿತ್ರ ತಯಾರಿಸಲು ಹೊರಟರು. ಸಂಸ್ಥೆಗೆ ‘ಮಹಾತ್ಮ ಪಿಕ್ಚರ್ಸ್’ ಎಂದು ಹೆಸರಿಟ್ಟರು. 1947ರಲ್ಲಿ ‘ಕೃಷ್ಣಲೀಲಾ’, 1949ರಲ್ಲಿ ‘ನಾಗಕನ್ನಿಕಾ’, 1951ರಲ್ಲಿ ಶಂಕರಸಿಂಗರ ನಿರ್ದೇಶನದ ‘ಜಗನ್ಮೋಹಿನಿ’. ಈ ಕೊನೆಯದು ನೂರು ದಿನ ನಡೆದ ಮೊದಲ ಕನ್ನಡ ಚಿತ್ರವೆಂದು ನಮ್ಮ ಚಿತ್ರರಂಗದ ಇತಿಹಾಸ ಬರೆದವರು ಹೇಳುತ್ತಾರೆ. ಅದೇ ವರ್ಷ ಮದರಾಸಿನ ವಿಜಯಾ ಸಂಸ್ಥೆಯ ‘ಪಾತಾಳಭೈರವಿ’ ಬಂದು ತೆಲುಗುನಾಡನ್ನು ಮರುಳುಮಾಡಿತ್ತೆಂಬುದನ್ನು ನೆನೆದರೆ, ಮೈಸೂರಿನ ಸಣ್ಣ ಬಂಡವಾಳದವರಿಗೆ ಜನರ ನಾಡಿ ಎಷ್ಟು ಸರಿಯಾಗಿ ಸಿಕ್ಕಿತ್ತೆಂಬುದು ತಿಳಿಯುತ್ತದೆ. 1952ರಲ್ಲಿ ‘ಶ್ರೀನಿವಾಸ ಕಲ್ಯಾಣ’ವನ್ನು ಆಚಾರ್ಯರೇ ನಿರ್ದೇಶಿಸಿದರು.

ಮುಂದೆ ಪಾಲುದಾರರು ಒಬ್ಬೊಬ್ಬರಾಗಿ ಬಿಟ್ಟುಹೋಗಿ, ಕೊನೆಗೆ ಇಬ್ಬರು ಗೆಳೆಯರೂ ತಮ್ಮ ತಮ್ಮ ದಾರಿ ಹಿಡಿದರು. ಶಂಕರಸಿಂಗರು ಮೈಸೂರಿನಲ್ಲಿ ಕನ್ನಡದಲ್ಲಿಯೇ ಉಳಿದರು. ಅವರ ಮಗ ರಾಜೇಂದ್ರಸಿಂಗ್ ಬಾಬು ಅವರನ್ನು ಎಲ್ಲರೂ ಬಲ್ಲರು. ಆಚಾರ್ಯರು ‘ವಿಠಲ್ ಪ್ರೊಡಕ್ಷನ್ಸ್’ ಎಂಬ ಸ್ವಂತ ಸಂಸ್ಥೆ ಕಟ್ಟಿಕೊಂಡು ಮದರಾಸಿಗೆ ಹೋದರು. ಸ್ಟುಡಿಯೋಗಳು, ಫಿಲಮನ್ನು ತೊಳೆಯುವ ಕಾರ್ಖಾನೆಗಳು, ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸುವ ತಂತ್ರಜ್ಞರು, ಇವರೆಲ್ಲ ಅಲ್ಲಿಯೇ ಇದ್ದರು. 1954ರಲ್ಲಿ ಕನ್ನಡದಲ್ಲಿ ‘ಕನ್ಯಾದಾನ’ವನ್ನು ಮಾಡಿ, ಮರುವರ್ಷ ಅದನ್ನೇ ತೆಲುಗಿನಲ್ಲಿಯೂ ತಂದರು. 1960ರಲ್ಲಿ ಕಾಂತಾರಾವ್ ನಾಯಕನಾಗಿದ್ದ ‘ಕನಕದುರ್ಗ ಪೂಜಾ ಮಹಿಮ’ ಬಂದ ಮೇಲೆ ರಾಜಕುಮಾರ, ಮಂತ್ರವಾದಿ, ಏಳು ಸಮುದ್ರದಾಚೆಯ ದ್ವೀಪ, ಇವು ಅವರ ರಾಜ್ಯವಾದವು. 1963ರಲ್ಲಿ ಎನ್.ಟಿ. ರಾಮರಾಯರ ‘ಬಂದಿಪೋಟು’ ತೆಲುಗಿನಲ್ಲಿ. ಅದೇ ಕಥೆ ಅದೇ ವರ್ಷ ರಾಜಕುಮಾರರ ‘ವೀರಕೇಸರಿ’ಯಾಗಿ ಕನ್ನಡದಲ್ಲಿ. ಎರಡಕ್ಕೂ ಆಚಾರ್ಯರದೇ ನಿರ್ದೇಶನ. ‘ವೀರಕೇಸರಿ’ಯ ಯುಗಳಗೀತೆಯೊಂದನ್ನು ಇಂದಿಗೂ ರೇಡಿಯೋದಲ್ಲಿ ಕೇಳಿ ತಲೆದೂಗುವವರಿಗೆ ಅದರ ನಿರ್ದೇಶಕರು ಯಾರೆಂದು ಕೇಳಿದರೆ ಉತ್ತರ ಬರುವುದಿಲ್ಲ. ಆಮೇಲೆ ‘ಜ್ವಾಲಾದ್ವೀಪ ರಹಸ್ಯಂ’ (1965), ‘ಗಂಡಿಕೋಟ ರಹಸ್ಯಂ’ (1969), ‘ಲಕ್ಷ್ಮೀ ಕಟಾಕ್ಷಂ’ (1970), ಹೀಗೆ ಸಾಲಾಗಿ ಬಂದವು. 1978ರಲ್ಲಿ ಮತ್ತೆ ‘ಜಗನ್ಮೋಹಿನಿ’, ಈ ಸಲ ತೆಲುಗಿನಲ್ಲಿ. 27 ವರ್ಷಗಳ ಹಿಂದೆ ಮೈಸೂರಿನಲ್ಲಿ ಗೆದ್ದ ಹೆಸರು ಮತ್ತೊಮ್ಮೆ ಗೆದ್ದಿತು.

ಆ ಮಾಯೆಯನ್ನು ಮಾಡುತ್ತಿದ್ದುದು ಹೇಗೆ? ಮಾವ ನನಗೆ ಅದನ್ನು ವಿವರಿಸಿದ್ದು ಟೆಂಟಿನ ಹಿಂದೆ, ತುಂಡಾದ ಫಿಲಮುಗಳನ್ನು ಬಿಸಿಲಿಗೆ ಹಿಡಿದು. ಮನುಷ್ಯ ಮಾಯವಾಗಬೇಕೆ? ಎಲ್ಲರೂ ಇದ್ದಲ್ಲಿಯೇ ಕಲ್ಲಿನಂತೆ ನಿಲ್ಲಬೇಕು, ಕ್ಯಾಮರಾ ನಿಲ್ಲಿಸಬೇಕು, ಒಬ್ಬನು ಎದ್ದು ಹೋಗಬೇಕು, ಮತ್ತೆ ಕ್ಯಾಮರಾ ಓಡಿಸಬೇಕು. ಫ್ರಾನ್ಸಿನ ಜಾದೂಗಾರ ಮೆಲಿಯೆ 1896ರಲ್ಲಿಯೇ ಹೆಂಗಸೊಬ್ಬಳನ್ನು ಹೀಗೆ ಮಾಯಮಾಡಿದ್ದ. ದೆವ್ವದ ಮೈಯ ಮೂಲಕ ಗೋಡೆ ಕಾಣಬೇಕೆ? ಮೊದಲು ಗೋಡೆಯನ್ನು ಹಿಡಿದು, ಫಿಲಮನ್ನು ಹಿಂದಕ್ಕೆ ಸುತ್ತಿ, ಕರಿಯ ಪರದೆಯ ಮುಂದೆ ನಿಂತ ದೆವ್ವವನ್ನು ಅದರ ಮೇಲೆಯೇ ಇನ್ನೊಮ್ಮೆ ಹಿಡಿಯಬೇಕು. ಕುದುರೆ ಗಾಳಿಯಂತೆ ಓಡಬೇಕೆ? ಸೆಕೆಂಡಿಗೆ 24ರ ಬದಲು 12 ಚಿತ್ರ ತೆಗೆದರೆ, ತೋರಿಸುವಾಗ ವೇಗ ಎರಡರಷ್ಟಾಗುತ್ತದೆ. ಬಾವಿಯಿಂದ ವೀರ ಮೇಲಕ್ಕೆ ಹಾರಬೇಕೆ? ಕೆಳಕ್ಕೆ ನೆಗೆದದ್ದನ್ನು ಹಿಂದುಮುಂದಾಗಿ ಓಡಿಸಬೇಕು. ಇದಕ್ಕೆಲ್ಲ ಬೇಕಾದದ್ದು ದೊಡ್ಡ ಹಣವಲ್ಲ. ಒಂದೊಂದು ಚಿತ್ರವನ್ನೂ ಎಣಿಸುವ ತಾಳ್ಮೆ. ಅನಿಮೇಷನ್ನಿನ ಮೊದಲ ಪಾಠವೂ ಅದೇ ಅಲ್ಲವೆ?

ಹಣದ ವಿಷಯದಲ್ಲಿ ಆಚಾರ್ಯರು ಬಿಗಿ ಎಂದು ಪ್ರಸಿದ್ಧರು. ಅಂದುಕೊಂಡ ವೆಚ್ಚದಲ್ಲಿ, ಅಂದುಕೊಂಡ ದಿನಕ್ಕೆ ಚಿತ್ರ ಮುಗಿಯಬೇಕು. ತೆಲುಗು ಚಿತ್ರರಂಗದಲ್ಲಿ ಅವರ ಬಗ್ಗೆ ಒಂದು ಕಥೆ ಪ್ರಚಾರದಲ್ಲಿದೆ. ನಟನೊಬ್ಬ ನಡುವೆ ಕೈಕೊಟ್ಟರೆ ಆಚಾರ್ಯರು ಕೋಪಿಸಿಕೊಳ್ಳುತ್ತಿರಲಿಲ್ಲವಂತೆ. ಮಂತ್ರವಾದಿಯಿಂದ ಆ ಪಾತ್ರಕ್ಕೊಂದು ಶಾಪ ಕೊಡಿಸಿ, ಅವನನ್ನು ಗಿಳಿಯನ್ನಾಗಿಯೋ ಆಡನ್ನಾಗಿಯೋ ಮಾಡಿ, ಉಳಿದ ಚಿತ್ರವನ್ನು ಗಿಳಿಯಿಂದಲೇ ಮುಗಿಸಿಬಿಡುತ್ತಿದ್ದರಂತೆ. ಗಿಳಿ ಸಂಬಳ ಹೆಚ್ಚಿಸಿ ಎಂದು ಕೇಳುವುದಿಲ್ಲ. ಇದು ನಡೆದದ್ದೋ ಕಟ್ಟಿದ್ದೋ, ನಗುವ ಮಾತಂತೂ ಹೌದು. ಆದರೆ ಅಡುಗೆಯವನು ಬಾರದ ದಿನವೂ ಎಲೆಯ ಮುಂದೆ ಕೂತವರನ್ನು ಎಬ್ಬಿಸದೆ ಊಟ ಹಾಕಿದ ಹೋಟೆಲಿನವರ ಜಾಣ್ಮೆ ನನಗೆ ಇದರಲ್ಲಿ ಕಾಣುತ್ತದೆ.

ಈಗ ನನ್ನ ಸಾಲದ ಮಾತು.

ನಾನು ಎಂ.ಎ. ಮುಗಿಸಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಕಡೆ ಒಂದು ವಿಚಾರಸಂಕಿರಣ ನಡೆಯಿತು. ಜನಪದ ಕಥೆಗಳಲ್ಲಿ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿರುವ ಆಶಯವನ್ನು ಕುರಿತು ನಾನೊಂದು ಪ್ರಬಂಧ ಓದಿದೆ. ಅಡಿಟಿಪ್ಪಣಿಗಳ ಭಾರಕ್ಕೆ ಬಗ್ಗಿದ ಪ್ರಬಂಧ. ಅಳಿಯ ಭಾಷಣ ಮಾಡುತ್ತಾನೆಂದು ಮಾವ ಅಜ್ಜಂಪುರದಿಂದ ಒಗೆದ ಪಂಚೆಯುಟ್ಟು ಬಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಟೆಂಟು ಎತ್ತಿಹೋಗಿ ವರ್ಷಗಳಾಗಿದ್ದವು. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಬರತೊಡಗಿ, ಬಾಣಕ್ಕೆ ಬಾಣ ತಾಗಿ ಕಿಡಿ ಹಾರುವುದನ್ನು ಜನ ಮನೆಯಲ್ಲಿಯೇ ನೋಡುವಂತಾದಾಗ, “ಇದನ್ನ ನಮ್ಮ ಆಚಾರ್ರು ಯಾವತ್ತೋ ಮಾಡಿಬಿಟ್ಟಿದ್ದಾರೆ” ಎಂದು ಹೇಳಿ ಮಾವ ಸುಮ್ಮನಾಗಿದ್ದರು. ಅಲ್ಲಿಂದ ಎರಡು ಮೂರು ವರ್ಷಗಳಲ್ಲಿ ಅವರ ಕೆಲಸ ಹೋಯಿತು. ಪ್ರಬಂಧ ಮುಗಿದು ಪ್ರಶ್ನೆಗಳಿದ್ದರೆ ಕೇಳಬಹುದೆಂದಾಗ ಅವರು ಎದ್ದು ನಿಂತು, “ಈ ಗಿಳಿ ಕಥೆ ನಮ್ಮ ಆಚಾರ್ರ ಪಿಚ್ಚರ್ದೇ ಅಲ್ವೇನೋ? ಅದನ್ನ ಯಾಕೆ ಹೇಳಲಿಲ್ಲ?” ಎಂದು ಕೇಳಿದರು. ಸಭೆ ನಕ್ಕಿತು. ನನಗೆ ಮೈಯೆಲ್ಲ ಬೆವರಿತು. “ಇದು ಜಾನಪದ, ಅದು ಟೆಂಟ್ ಸಿನಿಮಾ. ಎರಡಕ್ಕೂ ಸಂಬಂಧವಿಲ್ಲ” ಎಂದುಬಿಟ್ಟೆ. ಮಾವ ಕುಳಿತುಕೊಂಡರು. ಊಟಕ್ಕೆ ನಿಲ್ಲದೆ ಮಧ್ಯಾಹ್ನದ ರೈಲಿಗೆ ಹೊರಟುಹೋದರು.

ಸಂಬಂಧವಿಲ್ಲವೆಂದು ನಾನು ಹೇಳಿದ್ದು ಸುಳ್ಳು. ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿ ಸೌದೆಯ ಬದಲು ತನ್ನ ಕಾಲನ್ನೇ ಒಲೆಗಿಟ್ಟು ಅಡುಗೆ ಮಾಡುವ ದೆವ್ವದ ಸೊಸೆಯಿದ್ದಳು. ಆಚಾರ್ಯರ ದೆವ್ವವೂ ಅದನ್ನೇ ಮಾಡಿತು. ಅದನ್ನು ನೋಡಿ ಅಜ್ಜಂಪುರದ ನೆಲದವರು ಕಿರುಚಿದ್ದು ಗುರುತಿಲ್ಲದ್ದನ್ನು ಕಂಡು ಅಲ್ಲ, ಗುರುತಿರುವುದನ್ನು ಮೊದಲ ಸಲ ಕಣ್ಣಾರೆ ಕಂಡು. ತೆಲುಗು ತಿಳಿಯದ ನಮ್ಮ ಹಳ್ಳಿಯವರು ಆ ಚಿತ್ರಗಳನ್ನು ಹೇಗೆ ನೋಡುತ್ತಾರೆಂದು ಕೇಳಿದರೆ ಮಾವ, “ಭಾಷೆ ತಿಳೀದಿದ್ರೇನು, ದೆವ್ವ ತಿಳಿಯುತ್ತಲ್ಲ” ಎನ್ನುತ್ತಿದ್ದರು. ತೆಲುಗರು ಈ ಬಗೆಯ ಚಿತ್ರಕ್ಕೆ ‘ಜಾನಪದ’ವೆಂದೇ ಹೆಸರಿಟ್ಟು, ಅದನ್ನು ಮಾಡಿದವರನ್ನು ಬ್ರಹ್ಮನೆಂದರು. ನಾವು ಜಾನಪದವನ್ನು ವಿಶ್ವವಿದ್ಯಾನಿಲಯದಲ್ಲಿ ಕೂರಿಸಿ, ಅದನ್ನೇ ಜನರ ಬಳಿಗೆ ಒಯ್ದವರನ್ನು ಟೆಂಟಿನವರೆಂದೆವು. ಕನ್ನಡ ಚಿತ್ರಗಳ ಗುಣವನ್ನು ನಾವು ಬಹಳ ಕಾಲ ಅಳೆದದ್ದು ಅವು ಯಾವ ಕಾದಂಬರಿಯಿಂದ ಬಂದವೆಂಬ ಕೋಲಿನಿಂದ. ಆ ಕೋಲಿಗೆ ಆಚಾರ್ಯರು ಸಿಕ್ಕುವುದಿಲ್ಲ. ಅವರ ಚಿತ್ರಗಳಲ್ಲಿ ಸವಕಲಾದದ್ದು, ಅಗ್ಗದ್ದು ಇಲ್ಲವೆಂದು ನಾನು ವಾದಿಸುವುದಿಲ್ಲ. ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿದ್ದುಂಟು. ಆದರೆ ಕಥೆ ಹೇಳುವ ಅಜ್ಜಿಯೂ ಹಾಗೆಯೇ ಮಾಡುತ್ತಿದ್ದಳು. ಅವಳ ಕಥೆಯನ್ನು ನಾವು ಧ್ವನಿಮುದ್ರಿಸಿ ಪ್ರಬಂಧ ಬರೆಯುತ್ತೇವೆ.

ಆಚಾರ್ಯರು ಮದರಾಸಿಗೆ ಹೋದದ್ದು ನಮ್ಮ ಅನಾದರದಿಂದ ಎಂದರೆ ಅದೂ ತಪ್ಪಾದೀತು. ಸ್ಟುಡಿಯೋ ಎಲ್ಲಿದೆಯೋ ಅಲ್ಲಿಗೆ ಅವರು ಹೋದರು; ಕನ್ನಡದವರು ಎಷ್ಟೋ ಮಂದಿ ಆಗ ಹೋದರು. ಆದರೆ ಹೋದವರಲ್ಲಿ ಹಲವರನ್ನು ನಾವು ಮರಳಿ ನಮ್ಮವರೆಂದು ಎಣಿಸಿಕೊಂಡೆವು, ಇವರನ್ನು ಎಣಿಸಿಕೊಳ್ಳಲಿಲ್ಲ. 1999ರ ಮೇ ತಿಂಗಳಲ್ಲಿ ಅವರು ತೀರಿಕೊಂಡರು. ನನ್ನ ಮಾವ ಕಾಲವಾದದ್ದು ಆ ವಿಚಾರಸಂಕಿರಣದ ಮೂರು ವರ್ಷಗಳ ಅನಂತರ. ಅವರಿಂದ ನನಗೆ ಬಂದದ್ದು ಒಂದು ಬಿಸ್ಕತ್ತಿನ ಡಬ್ಬ. ತುಂಬ ಫಿಲಮಿನ ತುಂಡುಗಳು.

ವಾರ ಕಳೆದ ಮೇಲೆ ಬಸ್ಸು ಹತ್ತಿ ತರೀಕೆರೆಗೆ ಹೋದೆ. ಅಡಿಕೆ ಒಣಗಿಸುವ ಅಂಗಳದಲ್ಲಿ ಕುರ್ಚಿ ಹಾಕಿದರು. ನಾನು ಡಿಸ್ನಿಯಿಂದ ಆರಂಭಿಸಿದೆ. ಅವರ ಮುಖ ಅಲುಗಲಿಲ್ಲ. ಸರ್ಕಾರದ ನೀತಿಯನ್ನು ಹೇಳಿದೆ, ಅದಕ್ಕೂ ಇಲ್ಲ. ಅರಸೀಕೆರೆಯ ಹೋಟೆಲಿನ ಮಾತು ಬಂದಾಗ ಮಾತ್ರ ಅವರು ಮುಂದಕ್ಕೆ ಬಾಗಿ, “ಹೋಟ್ಲು ನಡೀದೆ ಬಿಟ್ಟರೋ, ನಡೀತಿರುವಾಗಲೇ ಬಿಟ್ಟರೋ?” ಎಂದು ಕೇಳಿದರು.

“ಚೆನ್ನಾಗಿ ನಡೆಯುತ್ತಿತ್ತು. ತಮ್ಮನಿಗೆ ವಹಿಸಿಕೊಟ್ಟು ಹೋದರು.”

“ಮುಂದೆ?”

ಒಂದು ಟೆಂಟು ನಾಲ್ಕಾದದ್ದು, ನೆಲದವರನ್ನು ನೋಡಿ ಚಿತ್ರ ಕಲಿತದ್ದು, ಹಾಕಿದ ದುಡ್ಡು ಹುಟ್ಟುವಂತೆ ಚಿತ್ರ ತೆಗೆದದ್ದು, ಎಲ್ಲವನ್ನೂ ಹೇಳಿದೆ. ಗಿಳಿಯ ಕಥೆಗೆ ಅವರು ಮೊದಲ ಬಾರಿಗೆ ನಕ್ಕರು. “ಹಂಗಾದ್ರೆ ಲೆಕ್ಕ ಬಲ್ಲೋರು” ಎಂದರು. ಸ್ವಲ್ಪ ಹೊತ್ತು ಬಿಟ್ಟು ಮಗನ ಕಡೆ ತಿರುಗಿ, “ಬರಿಯೋದರ ಜೊತೆಗೆ ಆ ಲೆಕ್ಕಾನೂ ಕಲಿಯಪ್ಪ. ಒಂದು ವರ್ಷ ನೋಡ್ತೀನಿ” ಎಂದರು.

ಹೊರಡುವಾಗ ಬಿಸ್ಕತ್ತಿನ ಡಬ್ಬವನ್ನು ಹುಡುಗನ ಕೈಗಿಟ್ಟೆ. ಇದು ಯಾರದೆಂದು ಕೇಳಿದ. ಅಜ್ಜಂಪುರದ ನಮ್ಮ ಮಾವನದು, ಅವರು ಆಚಾರ್ಯರ ಶಿಷ್ಯರು ಎಂದೆ. ಆ ಮಾತನ್ನು ಹಿಂದೆ ಒಂದು ಸಭೆಯಲ್ಲಿ ಹೇಳಬೇಕಾಗಿತ್ತು.

ಹುಡುಗ ಒಂದು ತುಂಡನ್ನು ತೆಗೆದು ಬಿಸಿಲಿಗೆ ಹಿಡಿದ. ಯಾವ ಚಿತ್ರದ್ದೋ ಏನೋ. ಒಬ್ಬ ಮಂತ್ರವಾದಿ ಕೈಯೆತ್ತಿದ್ದಾನೆ, ಎದುರಿಗೆ ಒಬ್ಬ ಸೈನಿಕ ನಿಂತಿದ್ದಾನೆ. ಹುಡುಗ ಉಗುರಿನಿಂದ ಒಂದೊಂದೇ ಚಿತ್ರವನ್ನು ಎಣಿಸುತ್ತ ಬಂದು ಏಳನೆಯದರಲ್ಲಿ ನಿಂತ. ಎಂಟನೆಯದರಲ್ಲಿ ಸೈನಿಕನಿಲ್ಲ.

“ಸಾರ್, ಇಲ್ಲಿ ಕ್ಯಾಮರಾ ನಿಲ್ಲಿಸಿದ್ದಾರೆ” ಎಂದ. “ನೋಡಿ, ಮಂತ್ರವಾದಿ ಕೈ ಒಂದು ಕೂದಲೆಳೆಯಷ್ಟು ಜಾರಿದೆ.”

ತಂದೆಯೂ ಎದ್ದು ಬಂದು, ಕನ್ನಡಕವನ್ನು ಮೂಗಿಗೇರಿಸಿ, ಮಗನ ಹೆಗಲ ಮೇಲಿಂದ ನೋಡತೊಡಗಿದರು.